ಅಮ್ಮನಿಗೆ ಒಪ್ಪಂದ ಇತ್ತು, ನನಗೆ ಇರುವುದು ಬರೀ ಆದೇಶ

ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮಮ್ಮ ಆಲ್ದೂರು ಕಡೆಯ ಕಾಫಿ ತೋಟವೊಂದರಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ದುಡಿದು ಬಿಟ್ಟವಳು. ಸಂಬಳ ನನ್ನದೇ ಹೆಚ್ಚು, ನಿಜ. ಆದರೆ ಕೆಲಸದ ಭದ್ರತೆ, ಕೇಳುವ ಹಕ್ಕು ಅಂತ ಬಂದರೆ ಅಮ್ಮನೇ ನನಗಿಂತ ಚೆನ್ನಾಗಿದ್ದಳು. ಎಂ.ಎ. ಓದಿದ ಮಗಳ ಬಾಯಲ್ಲಿ ಈ ಮಾತು ಬಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ತೋಟದ ಕೂಲಿಯನ್ನು ಸಾಹುಕಾರರು ಮನಸ್ಸಿಗೆ ಬಂದಂತೆ ಹಾಕುವ ಹಾಗಿರಲಿಲ್ಲ. ಪ್ಲಾಂಟರ್‌ಗಳ ಸಂಘದವರು ಒಂದು ಕಡೆ, ಕಾರ್ಮಿಕ ಯೂನಿಯನ್‌ಗಳವರು ಇನ್ನೊಂದು ಕಡೆ ಕೂರುತ್ತಿದ್ದರು. ಜಗ್ಗಾಟ ನಡೆಯುತ್ತಿತ್ತು. ಕೊನೆಗೆ ವೇತನ ಒಪ್ಪಂದಕ್ಕೆ ಎರಡೂ ಕಡೆಯವರು ಸಹಿ ಹಾಕುತ್ತಿದ್ದರು. ಯೂನಿಯನ್‌ನವರು ಕೂಲಿಯವರಿರುವ ಲೈನ್ ಮನೆಗಳ ಹತ್ತಿರ ಬಂದು ಹೊಸ ದರ ಓದಿ ಹೇಳುತ್ತಿದ್ದರು. ಅಮ್ಮನಿಗೆ ಓದು ಬರದಿದ್ದರೂ ದರ ಪೂರ್ತಿ ಬಾಯಿಪಾಠ. ಬಟವಾಡೆ ದಿನ ಕಡಿಮೆ ಬಂದರೆ ತೋಟದ ಲೆಕ್ಕ, ಚೆಕ್‌ರೋಲ್ ಅನ್ನುವ ಹಾಜರಿ ಪುಸ್ತಕ ಬರೆಯುವ ರೈಟರ ಮುಂದೆ ನೇರ ಹೋಗಿ ನಿಲ್ಲುತ್ತಿದ್ದಳು. "ರೈಟ್ರೇ, ಮಂಗಳವಾರ ಮಳೆ ಬಂತು ಅಂತ ಅರ್ಧ ಹಾಜರಿ ಹಾಕಿದ್ದೀರಿ. ನಾವು ಸಂಜೆವರೆಗೂ ಕಣದಲ್ಲಿ ಕಾಫಿ ಮುಚ್ಚಿದ್ದೇವೆ. ಚೆಕ್‌ರೋಲ್ ತೆಗೀರಿ." ರೈಟರು ತೆಗೆಯುತ್ತಿದ್ದರು, ತಿದ್ದುತ್ತಿದ್ದರು. ಅವರು ಒಳ್ಳೆಯವರು ಅನ್ನುವುದು ಬೇರೆ ಮಾತು. ತಿದ್ದಲೇಬೇಕಿತ್ತು, ಯಾಕೆಂದರೆ ಅಮ್ಮನ ಹಿಂದೆ ಸಹಿಯಾದ ಒಂದು ಕಾಗದ ಇತ್ತು.

ಕೆಲಸ ಬಿಡುವಾಗ ಕೊಡುವ ಇಡಿಗಂಟಿನ, ಅಂದರೆ ಗ್ರಾಚ್ಯುಟಿಯ, 1972ರ ಕಾಯ್ದೆಯಲ್ಲಿ ಕಾರ್ಖಾನೆ, ಗಣಿ ಜೊತೆಗೆ ತೋಟವನ್ನೂ ಹೆಸರು ಹಿಡಿದೇ ಸೇರಿಸಿದ್ದರು. ಸೇವೆಯ ಒಂದೊಂದು ವರ್ಷಕ್ಕೆ 15 ದಿನದ ಕೂಲಿ. ಅಮ್ಮ ಕೆಲಸ ಬಿಟ್ಟಾಗ ಆ ದುಡ್ಡು ಬಂತು, ತಮ್ಮನ ಮದುವೆಯ ಸಾಲ ತೀರಿತು.

ಈಗ ನನ್ನದು. ಪ್ರತಿ ವರ್ಷ ಹೊಸದಾಗಿ ಅರ್ಜಿ, ಮೆರಿಟ್ ಪಟ್ಟಿ, ಕೌನ್ಸೆಲಿಂಗ್. ಹತ್ತು ವರ್ಷ ಪಾಠ ಮಾಡಿದವರೂ ಹೊಸಬರ ಹಾಗೆ ದಾಖಲೆ ಹಿಡಿದು ನಿಲ್ಲಬೇಕು. ಸೆಮಿಸ್ಟರ್ ಮುಗಿದರೆ ಬಿಡುಗಡೆ. ನಡುವೆ ಖಾಯಂ ಉಪನ್ಯಾಸಕರು ವರ್ಗವಾಗಿ ಬಂದರೆ ನಮ್ಮ ಕಾರ್ಯಭಾರ, ಅಂದರೆ ಪಾಠದ ಗಂಟೆಗಳು, ಅವರಿಗೆ, ನಾವು ಮನೆಗೆ. ಗೌರವಧನ ತಡವಾದರೆ ಯಾರನ್ನು ಕೇಳಬೇಕು ಅನ್ನುವುದೇ ಸ್ಪಷ್ಟ ಇಲ್ಲ. ಪ್ರಾಂಶುಪಾಲರು ಇಲಾಖೆ ಕಡೆ ತೋರಿಸುತ್ತಾರೆ, ಇಲಾಖೆಯವರು ಅನುದಾನ ಅನ್ನುತ್ತಾರೆ.

2021ರ ಕೊನೆಯಲ್ಲಿ ರಾಜ್ಯದ ಎಲ್ಲ ಕಡೆ ತರಗತಿ ಬಿಟ್ಟು ಹೊರಗೆ ಕೂತೆವು. ಆಗ ನೆಟ್ (ಉಪನ್ಯಾಸಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ), ಪಿಎಚ್‌.ಡಿ. ಆದವರಿಗೆ ತಿಂಗಳಿಗೆ 13,000 ರೂಪಾಯಿ, ಉಳಿದವರಿಗೆ 11,000. 2022ರ ಜನವರಿಯಲ್ಲಿ ಸರ್ಕಾರ ಅದನ್ನು ಅರ್ಹತೆ, ಸೇವಾವಧಿ ನೋಡಿ 26,000ದಿಂದ 32,000ದವರೆಗೆ ಏರಿಸಿತು. ದೊಡ್ಡ ಗೆಲುವೇ. ಆದರೆ ಅದೇ ಉಸಿರಿನಲ್ಲಿ ವಾರದ ಪಾಠವನ್ನು 15 ಗಂಟೆ ಮಾಡಿತು. ಮೊದಲು ಎಂಟು, ಹತ್ತು ಗಂಟೆಯಂತೆ ಹಂಚಿಕೊಂಡಿದ್ದೆವು. ಒಟ್ಟು ಪಾಠ ಅಷ್ಟೇ, ಒಬ್ಬೊಬ್ಬರ ಗಂಟೆ ಜಾಸ್ತಿ. ಲೆಕ್ಕ ಹಾಕಿ ನೋಡಿ.

ನಮ್ಮ ವಿಭಾಗದಲ್ಲಿ ಇಬ್ಬರಿದ್ದೆವು, ಒಬ್ಬರು ಉಳಿದೆವು. ಉಳಿದವಳು ನಾನು. ಹೋದವರು ಕಡೂರು ಕಡೆಯವರು, ನನಗಿಂತ ಹಿರಿಯರು. ಆಜಾದ್ ಪಾರ್ಕ್ ವೃತ್ತದಲ್ಲಿ ಘೋಷಣೆ ಕೂಗುವಾಗ ನನ್ನ ಪಕ್ಕದಲ್ಲೇ ಕೂತಿದ್ದವರು. ಸ್ಟಾಫ್ ರೂಮಿಗೆ ಬಂದು ಡ್ರಾಯರ್‌ನಿಂದ ತಮ್ಮ ನೋಟ್ಸ್ ತೆಗೆದರು. ಕೆಂಪು ರಟ್ಟಿನ ದಪ್ಪ ಪುಸ್ತಕ, ಅಂಚಿನಲ್ಲಿ ವರ್ಷವರ್ಷದ ಹೊಸ ಅಂಕಿಅಂಶ ಸಣ್ಣ ಅಕ್ಷರದಲ್ಲಿ ಸೇರಿಸಿದ್ದರು. "ಇದು ನಿಮ್ಮ ಹತ್ತಿರ ಇರಲಿ ಮೇಡಂ, ಐದನೇ ಸೆಮಿಸ್ಟರ್‌ಗೆ ಬೇಕಾಗುತ್ತೆ" ಅಂದರು. ಹೋರಾಡಿ ಗೆದ್ದ ಸಂಬಳದಲ್ಲಿ ಅವರಿಗೆ ಒಂದು ತಿಂಗಳದ್ದೂ ಸಿಗಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಇರುವುದು ಇಲ್ಲೇ. ಅವತ್ತು ನಿಜವಾದ ಮಾತುಕತೆಯ ಮೇಜು ಇದ್ದಿದ್ದರೆ, ಸಂಬಳದ ಜೊತೆಗೇ "ಗಂಟೆ ಹೆಚ್ಚಿಸಿದರೆ ಹೊರಗುಳಿಯುವವರ ಗತಿ ಏನು" ಅನ್ನುವುದೂ ಚರ್ಚೆಗೆ ಬರುತ್ತಿತ್ತು. ಸಚಿವರು ನಮ್ಮ ಮುಖಂಡರನ್ನು ಕರೆದು ಮಾತಾಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಹೊರಗೆ ಬರುವುದು ಒಂದೇ ಸಹಿ ಇರುವ ಆದೇಶ. ಅದನ್ನು ಬದಲಿಸಲು ಇನ್ನೊಂದು ಆದೇಶ ಸಾಕು.

ಕಾನೂನಿನಲ್ಲೂ ನಮಗೆ ಜಾಗ ಕಡಿಮೆ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿತು. ಹಾಗಾಗಿ ಅಮ್ಮನಂಥವರಿಗೆ ಇದ್ದ ಕಾರ್ಮಿಕ ಅಧಿಕಾರಿ, ರಾಜಿ ಸಂಧಾನ, ಕಾರ್ಮಿಕ ನ್ಯಾಯಾಲಯದ ದಾರಿ ನಮಗಿಲ್ಲ. ಆ ಕಾಯ್ದೆಯಲ್ಲಿ, ಕೆಲಸದಿಂದ ತೆಗೆಯಬೇಕಾದರೆ ಕೊನೆಗೆ ಸೇರಿದವರನ್ನು ಮೊದಲು ಬಿಡಬೇಕು ಅನ್ನುವ ನಿಯಮ ಇತ್ತು. ಅದೂ ನಮಗೆ ಸಿಗಲಿಲ್ಲ. ಖಾಯಂ ಮಾಡಿ ಅಂದರೆ ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ಅಡ್ಡ ಬರುತ್ತದೆ. ನಿಯಮದಂತೆ ನೇಮಕವಾಗದ ತಾತ್ಕಾಲಿಕ ನೌಕರರು ಖಾಯಮಾತಿಯನ್ನು ಹಕ್ಕು ಅಂತ ಕೇಳುವ ಹಾಗಿಲ್ಲ ಅಂದಿತು ಅದು. ಅದು ನಮ್ಮ ರಾಜ್ಯದ್ದೇ ಕೇಸು, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದ್ದು. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಅಂತ 2003ರಲ್ಲಿ ತಮಿಳುನಾಡು ಪ್ರಕರಣದಲ್ಲಿ ತೀರ್ಪು ಬಂದಿದೆ. ಆದರೂ 2023ರ ಮಾರ್ಚ್ 1ರಂದು ರಾಜ್ಯದ ಖಾಯಂ ನೌಕರರು ಕೆಲಸ ನಿಲ್ಲಿಸಿದರು. ಅದೇ ದಿನ, ವೇತನ ಪರಿಷ್ಕರಣೆ ಆಗುವವರೆಗೆ 17% ಮಧ್ಯಂತರ ಪರಿಹಾರ ಕೊಡುವ ಆದೇಶ ಬಂತು. ಒಗ್ಗಟ್ಟಿನ ಬಲ ಅದು. ನಾವು ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಇದ್ದರೂ ಅಷ್ಟು ಬೇಗ ಯಾರೂ ತಿರುಗಿ ನೋಡುವುದಿಲ್ಲ.

2023ರ ನವೆಂಬರ್‌ನಲ್ಲಿ ಮತ್ತೆ ಮುಷ್ಕರ. ಹೊಸ ವರ್ಷದ ಹೊತ್ತಿಗೆ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ. ಸೇವೆ ನೋಡಿ 5,000ದಿಂದ 8,000 ರೂಪಾಯಿವರೆಗೆ ಹೆಚ್ಚಳ, ಆರೋಗ್ಯ ವಿಮೆ, 60 ವರ್ಷಕ್ಕೆ 5 ಲಕ್ಷದ ಇಡಿಗಂಟಿನ ಭರವಸೆ ಸಿಕ್ಕಿತು. ನಡೆದವರಿಗೆ ನಾನು ಋಣಿ. ಆದರೆ ಪ್ರತಿ ಸಲ ರಸ್ತೆಯಲ್ಲೇ ಚೌಕಾಸಿ ಮಾಡಬೇಕಾ? ಅಷ್ಟು ದಿನ ಮಕ್ಕಳ ಪಾಠ ನಿಲ್ಲುತ್ತದಲ್ವಾ? ಡಿಗ್ರಿ ಕಾಲೇಜಿಗೆ ಬರುವವರು ಯಾರು? ತೋಟದ ಮಕ್ಕಳು, ಕೂಲಿಯವರ ಮಕ್ಕಳು. ಟ್ಯೂಷನ್ ಇಟ್ಟುಕೊಳ್ಳಲು ಅವರ ಹತ್ತಿರ ಏನಿದೆ?

ಕೇಂದ್ರ ಸರ್ಕಾರಿ ನೌಕರರಿಗೆ 1966ರಿಂದ ಜಂಟಿ ಸಮಾಲೋಚನಾ ವ್ಯವಸ್ಥೆ ಇದೆ. ಎರಡೂ ಕಡೆಯವರು ಕೂತು ಮಾತಾಡುತ್ತಾರೆ, ಒಮ್ಮತಕ್ಕೆ ಬರದ ಕೆಲವು ವಿಷಯ ಮಧ್ಯಸ್ಥಿಕೆಗೆ ಹೋಗಬಹುದು. ಅಂಥದ್ದೊಂದು ನಮಗೂ ಬೇಕು ಅನ್ನುವುದು ನನ್ನ ವಾದ. ಅದಕ್ಕೆ ಖಾಯಮಾತಿ ಆಗುವವರೆಗೆ ಕಾಯಬೇಕಿಲ್ಲ, ಉಮಾದೇವಿ ತೀರ್ಪೂ ಅಡ್ಡ ಬರುವುದಿಲ್ಲ. ಕೆಲವು ಗೆಳೆಯರಿಗೆ ಇದು ಹಿಡಿಸಿಲ್ಲ. "ಹಾಗೆ ಕೇಳಿದರೆ ಖಾಯಂ ಬೇಡಿಕೆ ಬಿಟ್ಟಂತಾಗುತ್ತದೆ" ಅನ್ನುತ್ತಾರೆ. ಬಿಡುವುದು ಬೇಡ. ಆದರೆ ಅದು ಬರುವಷ್ಟರಲ್ಲಿ ನಮ್ಮಲ್ಲಿ ಎಷ್ಟು ಜನರಿಗೆ ಅರವತ್ತು ದಾಟಿರುತ್ತದೆ?

ಜಿಲ್ಲೆಯ ನಾವು ಕೆಲವರು ಸೇರಿ ಒಂದು ಕರಡು ಬರೆದಿದ್ದೇವೆ. ಗೌರವಧನ ತಿಂಗಳ ನಿಗದಿತ ದಿನಕ್ಕೆ ಬರಬೇಕು. ಕಾರ್ಯಭಾರ ಕಡಿಮೆಯಾದರೆ ಮೊದಲು ಹೊರಗೆ ಹೋಗುವವರು ಯಾರು, ಪಕ್ಕದ ಕಾಲೇಜಿನಲ್ಲಿ ಅವರಿಗೆ ಜಾಗ ಹೇಗೆ ಅಂತ ಬರೆದಿರಬೇಕು. ನಿಯಮ ಬದಲಿಸುವ ಮೊದಲು ನಮ್ಮ ಪ್ರತಿನಿಧಿಗಳ ಜೊತೆ ಚರ್ಚೆ ಆಗಬೇಕು. ಕೊನೆಯಲ್ಲಿ ಎರಡೂ ಕಡೆಯ ಸಹಿ. ಮೂಡಿಗೆರೆ, ಕೊಪ್ಪ, ತರೀಕೆರೆಯ ಗೆಳೆಯರಿಗೆ ಪ್ರತಿ ಕಳಿಸಿದ್ದೇವೆ. ತಿದ್ದುಪಡಿ ಇದ್ದರೆ ಈ ಸೆಮಿಸ್ಟರ್ ಮುಗಿಯುವ ಮೊದಲೇ ಕಳಿಸಿ. ಬಿಡುಗಡೆ ಆದ ಮೇಲೆ ಎಲ್ಲರನ್ನೂ ಒಂದು ಕಡೆ ಸೇರಿಸುವುದು ಕಷ್ಟ.