ಟೆಕ್ಸಸ್‌ನ ಹೋಮ್‌ಕಮಿಂಗ್ ಶುಕ್ರವಾರ

ಹೋಮ್‌ಕಮಿಂಗ್ ಎಂದರೆ ಹಳೆಯ ವಿದ್ಯಾರ್ಥಿಗಳನ್ನು ಶಾಲೆಗೆ ಬರಮಾಡಿಕೊಳ್ಳುವ, ಅಮೆರಿಕನ್ ಫುಟ್‌ಬಾಲ್ ಪಂದ್ಯದ ಸುತ್ತ ನಡೆಯುವ ವರ್ಷದ ಹಬ್ಬ. ಆ ಶುಕ್ರವಾರದ ಬೆಳಿಗ್ಗೆ ಡಲ್ಲಾಸ್ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಕಾರಿಡಾರಿನ ತುಂಬ ಗಂಟೆಗಳದೇ ಸದ್ದು. ಹುಡುಗಿಯರ ಎದೆಯ ಮೇಲೆ ತಟ್ಟೆಯಗಲದ ಬಟ್ಟೆ ಸೇವಂತಿಗೆ, ಅದರಿಂದ ಮೊಣಕಾಲಿನವರೆಗೆ, ಕೆಲವರಿಗೆ ಪಾದದವರೆಗೂ ಇಳಿಬಿದ್ದ ರಿಬ್ಬನ್‌ಗಳು. ಇದೇ ಮಮ್. ಹುಡುಗರು ಇದರ ಚಿಕ್ಕ ರೂಪವಾದ ಗಾರ್ಟರನ್ನು ಇಲಾಸ್ಟಿಕ್ ಪಟ್ಟಿಗೆ ಅಂಟಿಸಿ ತೋಳಿಗೆ ಹಾಕಿಕೊಳ್ಳುತ್ತಾರೆ. ಹಿಂದೆ ನಿಜವಾದ ಸೇವಂತಿಗೆ ಹೂವನ್ನೇ ಪಿನ್ನು ಹಾಕಿ ಮುಡಿಸುತ್ತಿದ್ದರು. ಅಲಂಕಾರದ ಭಾರ ಹೆಚ್ಚುತ್ತ ಹೋದಂತೆ ಬಟ್ಟೆ ಹೂವು ಬಂತು.

ಬೇರೆ ರಾಜ್ಯದಿಂದ ಡಲ್ಲಾಸ್ ಪಕ್ಕದ ಪ್ಲೇನೊ, ಫ್ರಿಸ್ಕೊ ಕಡೆಗೆ ಬಂದ ಕನ್ನಡದ ಮನೆಗಳಿಗೆ ಇದರ ಸುಳಿವೇ ಇರುವುದಿಲ್ಲ. ಇರಬೇಕೆಂದೂ ಇಲ್ಲ, ಏಕೆಂದರೆ ಹೈಸ್ಕೂಲಿನ ಸಂಭ್ರಮ ಅಮೆರಿಕದಲ್ಲಿ ಒಂದೊಂದು ಸೀಮೆಗೆ ಒಂದೊಂದು ಥರ. ಮ್ಯಾಸಚೂಸೆಟ್ಸ್‌ನಲ್ಲಿ ಎದುರಾಳಿ ಶಾಲೆಯ ಜೊತೆಗಿನ ಫುಟ್‌ಬಾಲ್ ಪಂದ್ಯ ಥ್ಯಾಂಕ್ಸ್‌ಗಿವಿಂಗ್ ದಿನಕ್ಕೆ ಅಂಟಿಕೊಂಡಿದೆ. ಬಾಸ್ಟನ್ ಲ್ಯಾಟಿನ್ ಮತ್ತು ಇಂಗ್ಲಿಷ್ ಹೈ ಶಾಲೆಗಳ ನಡುವಿನ ಪೈಪೋಟಿ 1887ರದು. ಮಿನ್ನೆಸೋಟದವರು ಐಸ್ ಹಾಕಿಗೆ ಮನೆ ಬಿಟ್ಟು ಹೊರಡುತ್ತಾರೆ, ಇಂಡಿಯಾನಾದವರು ಬ್ಯಾಸ್ಕೆಟ್‌ಬಾಲಿಗೆ. ಹವಾಯಿಯಲ್ಲಿ ಹೈಸ್ಕೂಲು ಮುಗಿಸುವ ದಿನ ಮಕ್ಕಳ ಕೊರಳಿಗೆ ಬೀಳುವ ಲೇ ಹಾರಗಳು ಗಲ್ಲದವರೆಗೂ ಏರುತ್ತವೆ. ಟೆಕ್ಸಸ್‌ನದು ಶುಕ್ರವಾರ ರಾತ್ರಿಯ ಫುಟ್‌ಬಾಲ್. ಆ್ಯಲೆನ್ ಎಂಬ ಊರಿನ ಹೈಸ್ಕೂಲ್ ಸ್ಟೇಡಿಯಂನಲ್ಲಿ 18,000 ಜನ ಕೂರಬಹುದು. ಮಮ್ ಅರ್ಥವಾಗಬೇಕಾದರೆ ಆ ಗ್ಯಾಲರಿಯನ್ನು ಒಮ್ಮೆ ನೋಡಬೇಕು.

ಇನ್ನೊಂದು ತೊಡಕು ಸಮಯದ್ದು. ನ್ಯೂಜೆರ್ಸಿ ಕಡೆ ಶಾಲೆ ತೆರೆಯುವುದು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಟೆಕ್ಸಸ್‌ನಲ್ಲಿ ಆಗಸ್ಟ್‌ನಲ್ಲೇ ತೆರೆದು, ಸೆಪ್ಟೆಂಬರ್ ಅಥವಾ ಅಕ್ಟೋಬರ್‌ಗೆಲ್ಲ ಹೋಮ್‌ಕಮಿಂಗ್ ಬಂದೇಬಿಡುತ್ತದೆ. ಕೊನೆಯ ವಾರ ಅಂಗಡಿಗೆ ಹೋದರೆ ನಿಮ್ಮ ಶಾಲೆಯ ಬಣ್ಣದ ರಿಬ್ಬನ್ ಖಾಲಿಯಾಗಿರುತ್ತದೆ. ಮಾಡಿಸಿದರೆ ನೂರಾರು ಡಾಲರ್ ದಾಟಬಹುದು; ಮನೆಯಲ್ಲೇ ಮಾಡುವುದು ಅಗ್ಗ, ಚೆಂದವೂ ಹೌದು. ಸೀರೆಗೆ ಕುಚ್ಚು ಹಾಕಿ ಅಭ್ಯಾಸವಿರುವ ಅಮ್ಮಂದಿರಿಗೆ ಇದು ಕಷ್ಟವೇ ಅಲ್ಲ.

ಮೊದಲು ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿಕೊಳ್ಳಿ. ಅದರ ಅಂಚಿಗೆ ರಿಬ್ಬನ್ನನ್ನು ಕುಣಿಕೆ ಕುಣಿಕೆಯಾಗಿ ಮಡಿಸಿ ಎರಡು ಸುತ್ತು ಅಂಟಿಸಿ, ನಡುವೆ ಹೂವು ಕೂರಿಸಿ. ಕೆಳಗೆ ಇಳಿಬಿಡುವಾಗ ಅಗಲ ರಿಬ್ಬನ್ ಹಿಂದೆ, ಕಿರಿದಾದ್ದು ಮುಂದೆ. ಹೆಸರಿನ ಎರಡು ಅಗಲ ರಿಬ್ಬನ್ ಮಾತ್ರ ಎಲ್ಲಕ್ಕಿಂತ ಮುಂದೆ: ಒಂದಕ್ಕೆ ಹುಡುಗಿಯ ಹೆಸರು, ಇನ್ನೊಂದಕ್ಕೆ ಜೊತೆಗಾರನ ಹೆಸರು ಅಥವಾ ಶಾಲೆಯ ಹೆಸರು. ಅಕ್ಷರಗಳನ್ನು ರಿಬ್ಬನ್ ಇಳಿಬಿಡುವ ಮೊದಲೇ ಮೇಜಿನ ಮೇಲಿಟ್ಟು ಅಂಟಿಸಬೇಕು, ಇಲ್ಲದಿದ್ದರೆ ಸಾಲು ಸೊಟ್ಟಗಾಗುತ್ತದೆ. ಹೆಣೆದ ರಿಬ್ಬನ್ ಜಡೆಗಳು, ಗಂಟೆ, ಪುಟ್ಟ ಫುಟ್‌ಬಾಲು, ಬ್ಯಾಂಡಿನವಳಾದರೆ ವಾದ್ಯದ ಬೊಂಬೆ ಇವೆಲ್ಲ ಕೊನೆಗೆ. ಹೂವಿನ ಮೇಲೆ ಟೆಡ್ಡಿ ಕರಡಿ ಕೂರಿಸುವವರೂ ಉಂಟು.

ಕೈಕೊಡುವುದು ಅಂಟು. ಗ್ಲೂ ಗನ್ನಿನ ಅಂಟು ಬಿಸಿಲಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗಿ, ಮಧ್ಯಾಹ್ನದೊಳಗೆ ಜಡೆಗಳು ಒಂದೊಂದಾಗಿ ಉದುರುತ್ತವೆ. ಅದಕ್ಕೆ ಜಡೆಯ ಬುಡಕ್ಕೆ ಮೊದಲು ಸ್ಟೇಪ್ಲರ್ ಹೊಡೆದು, ಅದರ ಮೇಲೆ ಅಂಟು ಹಾಕಿ. ಭಾರವೂ ಕಡಿಮೆಯಿಲ್ಲ: ಪಿನ್ನಿಗೆ ಸಿಕ್ಕಿಸಿದರೆ ಟೀ ಶರ್ಟ್ ಹರಿದುಹೋಗುತ್ತದೆ. ರಟ್ಟಿನ ಹಿಂಬದಿಗೆ ಅಗಲವಾದ ಪಟ್ಟಿ ಭದ್ರ ಮಾಡಿ ಕೊರಳಿಗೆ ಹಾಕಿಸಿ. ಎರಡು ಮೂರು ಹೂವಿನ ಮಮ್ ಆದರೆ ಭುಜಗಳ ಮೇಲಿಂದ ಹಾಯುವ ಪಟ್ಟಿಯೇ ಬೇಕು.

ಬಣ್ಣದ ವಿಷಯದಲ್ಲಿ ಮಕ್ಕಳು ಬಹಳ ಕಟ್ಟುನಿಟ್ಟು. ಕೆಳಗಿನ ಮೂರು ತರಗತಿಗೆ ಶಾಲೆಯ ಬಣ್ಣ. ಬಿಳಿಯ ಜೊತೆ ಬೆಳ್ಳಿ ಅಥವಾ ಬಂಗಾರದ ಬಣ್ಣ ಸೀನಿಯರ್‌ಗಳಿಗೆ, ಅಂದರೆ ಕೊನೆಯ ವರ್ಷದವರಿಗೆ ಮೀಸಲು. ಒಂಬತ್ತನೇ ತರಗತಿಯವಳಿಗೆ ಬಿಳಿ ಮಮ್ ಕಟ್ಟಿ ಕಳಿಸಿದರೆ ಪಾಪ, ಅವಳು ದಿನವಿಡೀ ಉತ್ತರ ಹೇಳುತ್ತಿರಬೇಕಾಗುತ್ತದೆ. ಜೊತೆಗಾರ ಇಲ್ಲದಿದ್ದರೆ ಚಿಂತೆ ಬೇಡ. ಗೆಳತಿಯರು ಒಬ್ಬರಿಗೊಬ್ಬರು ಮಾಡಿಕೊಳ್ಳುತ್ತಾರೆ, ಅಪ್ಪ ಅಮ್ಮನೂ ಕೊಡುತ್ತಾರೆ. ಹುಡುಗ ಮಮ್ ಕೊಟ್ಟರೆ ಹುಡುಗಿಯ ಮನೆಯವರು ಗಾರ್ಟರ್ ಕೊಡುವುದು ರೂಢಿ, ಇದನ್ನು ಮೊದಲೇ ಮಾತಾಡಿಕೊಳ್ಳಿ.

ಹಗಲು ಪಾಠ, ತಂಡವನ್ನು ಹುರಿದುಂಬಿಸುವ ಪೆಪ್ ರ‍್ಯಾಲಿ, ರಾತ್ರಿ ಪಂದ್ಯ ಎಲ್ಲಕ್ಕೂ ಮಮ್ ಇರುತ್ತದೆ. ಮರುದಿನದ ಡಾನ್ಸಿಗೆ ಸಾಮಾನ್ಯವಾಗಿ ಬೇಡ. ತೆಗೆದಿಡುವಾಗ ಮಡಿಸಬೇಡಿ, ಗೋಡೆಗೆ ತೂಗುಹಾಕಿ. ತಂಗಿಯೋ ತಮ್ಮನೋ ಅದೇ ಶಾಲೆಗೆ ಬರುವವರಿದ್ದರೆ ಗಂಟೆ, ಬೊಂಬೆಗಳನ್ನು ಅಂಟಿಸುವ ಬದಲು ಸಣ್ಣ ತಂತಿಯಲ್ಲಿ ಕಟ್ಟಿ. ಬಿಚ್ಚಿ ಮತ್ತೆ ಬಳಸಬಹುದು.