ವರ್ಕ್‌ಜಾಯ್ಗ್ 3ಕ್ಕೆ ಹೊಂದಿಸುವ ಕೆಲಸ: ಹಳೇ ಲಿಂಕ್‌ಗಳು ಮತ್ತೆ ತೆರೆದವು

ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟಲು ಬಳಸುವ ಫ್ಲಾಸ್ಕ್‌ಗೆ ನಾನು ಬರೆದ ಪುಟ್ಟ ಎಕ್ಸ್‌ಟೆನ್ಶನ್ ಒಂದಿದೆ. ಡೌನ್‌ಲೋಡ್ ಲಿಂಕ್‌ಗಳಿಗೆ ಸಹಿ (ಲಿಂಕನ್ನು ಯಾರೂ ತಿದ್ದಿಲ್ಲ ಅಂತ ತಾಳೆ ನೋಡುವ ಕೋಡ್) ಹಾಕಿಕೊಡುವುದಷ್ಟೇ ಅದರ ಕೆಲಸ. ಹೊಸದಾಗಿ ಇನ್‌ಸ್ಟಾಲ್ ಮಾಡಿದವರಿಗೆಲ್ಲ ಆ್ಯಪ್ ಏಳುವ ಮೊದಲೇ ಇಂಪೋರ್ಟ್ ಎರರ್ ಬರುತ್ತಿತ್ತು.

ಕಾರಣ ಬೇಗ ಸಿಕ್ಕಿತು. ಫ್ಲಾಸ್ಕ್ ನಿಂತಿರುವುದು ವರ್ಕ್‌ಜಾಯ್ಗ್ ಎಂಬ ಲೈಬ್ರರಿ ಮೇಲೆ. 2023ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಅದರ 3.0ರಲ್ಲಿ, ನಾನು ಬಳಸುತ್ತಿದ್ದ, ಯುಆರ್‌ಎಲ್ ಕೋಟ್ ಮಾಡುವ (ವಿಶೇಷ ಅಕ್ಷರಗಳನ್ನು % ಸಂಕೇತಗಳಾಗಿ ಬದಲಿಸುವ) ಹಳೇ ಫಂಕ್ಷನ್ ಇಲ್ಲ, 2.3ರಲ್ಲೇ ಅದರ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು. ಫ್ಲಾಸ್ಕ್ ವರ್ಕ್‌ಜಾಯ್ಗ್ ವರ್ಶನ್‌ಗೆ ಮೇಲಿನ ಮಿತಿ ಹಾಕಿಲ್ಲ, ಹಾಗಾಗಿ ಪೈಥಾನ್ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ನೇರವಾಗಿ 3 ತಂದು ಕೂರಿಸುತ್ತದೆ. ವರ್ಶನ್ ಕಟ್ಟಿಹಾಕಿ ಸುಮ್ನೆ ಇರಬಹುದಿತ್ತು, ಆದರೆ ಬಳಸುವವರನ್ನು ಹಳೇದರಲ್ಲೇ ಕೂರಿಸಿಡುವುದು ನನಗೆ ಸರಿ ಕಾಣಲಿಲ್ಲ.

ಪೈಥಾನ್‌ನದೇ ಕೋಟ್ ಫಂಕ್ಷನ್ ಹಾಕಿದೆ. ಒಂದೇ ಸಾಲಿನ ಬದಲಾವಣೆ. ಆ್ಯಪ್ ಎದ್ದಿತು, ಆದರೆ ಹಳೇ ಲಿಂಕ್ ಒತ್ತಿದರೆ 403, ಅಂದರೆ ‘ಅನುಮತಿ ಇಲ್ಲ’.

ಇಲ್ಲಿಂದ ಎರಡು ರಾತ್ರಿ ಹೋಯಿತು. ಮೊದಲು ಕನ್ನಡ ಹೆಸರಿನ ಫೈಲ್‌ಗಳ ಮೇಲೆ ಅನುಮಾನ ಬಂತು. ‘ಅ’ ಅನ್ನೋದು ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) 3 ಬೈಟ್, ಕೋಟ್ ಆದ ಮೇಲೆ 9 ಅಕ್ಷರ ಆಗುತ್ತದೆ. ಎರಡೂ ಫಂಕ್ಷನ್‌ಗಳ ಉತ್ತರ ಪಕ್ಕಪಕ್ಕ ಪ್ರಿಂಟ್ ಮಾಡಿ ನೋಡಿದರೆ ಕನ್ನಡದ ಭಾಗ ಒಂದೂ ಬಿಡದೆ ಹೊಂದುತ್ತಿತ್ತು. ತಪ್ಪಿದ್ದು ‘ವರದಿ 10:30’ ಅನ್ನುವ ಹೆಸರಿನ ಕೋಲನ್! ಹಳೇ ಫಂಕ್ಷನ್ ಕೋಲನ್ ಅನ್ನು ಹಾಗೇ ಬಿಡುತ್ತಿತ್ತು, ಪೈಥಾನ್‌ನದು ಅದನ್ನು %3A ಮಾಡುತ್ತದೆ. ಆವರಣ ಚಿಹ್ನೆ, ಅಲ್ಪವಿರಾಮಗಳ ಕಥೆಯೂ ಇದೇ. ಬ್ರೌಸರ್‌ಗೆ ಎರಡೂ ಒಂದೇ ಫೈಲ್, ಆದರೆ ನಮ್ಮ ಸಹಿ ನಿಂತಿರೋದು ಅಕ್ಷರಗಳ ಮೇಲೆ ಅಲ್ವಾ, ಒಂದು ಅಕ್ಷರ ಬದಲಾದರೂ ಸಹಿ ತಾಳೆಯಾಗುವುದಿಲ್ಲ.

ಹಳೇದು ಯಾವ್ಯಾವ ಚಿಹ್ನೆ ಮುಟ್ಟುತ್ತಿರಲಿಲ್ಲವೋ ಅಷ್ಟನ್ನೂ ಪೈಥಾನ್ ಫಂಕ್ಷನ್‌ನ ‘ಸೇಫ್’ ಪಟ್ಟಿಗೆ (ಬದಲಿಸದೆ ಬಿಡಬೇಕಾದ ಚಿಹ್ನೆಗಳು) ಸೇರಿಸಿದೆ. ಇನ್ನೊಂದು ವಿಷಯ: ಕೆಲವರು ಹೆಸರಿನ ಬದಲು 42ರಂಥ ಐಡಿಯನ್ನೇ ಕೊಡುತ್ತಾರೆ. ಹಳೇ ಫಂಕ್ಷನ್ ಅದನ್ನು ತಾನೇ ಸ್ಟ್ರಿಂಗ್ ಮಾಡಿಕೊಳ್ಳುತ್ತಿತ್ತು, ಪೈಥಾನ್‌ನದು ಟೈಪ್ ಎರರ್ ಕೊಡುತ್ತದೆ. ಅದನ್ನೂ ನಾನೇ ಮೊದಲು ಸ್ಟ್ರಿಂಗ್ ಮಾಡಿ ಕಳಿಸುತ್ತಿದ್ದೇನೆ.

ಈಗ ವರ್ಕ್‌ಜಾಯ್ಗ್ 2.2, 3.0 ಎರಡರಲ್ಲೂ ಟೆಸ್ಟ್ ಓಡುತ್ತಿವೆ. 2.2ರಲ್ಲಿ ಹುಟ್ಟಿದ ಲಿಂಕ್‌ಗಳನ್ನು ಒಂದು ಫೈಲ್‌ನಲ್ಲಿ ಇಟ್ಟುಕೊಂಡು 3.0ರಲ್ಲಿ ತೆರೆಯುವ ಟೆಸ್ಟ್ ಕೂಡ ಬರೆದೆ, ನನಗೆ ಜಾಸ್ತಿ ನಂಬಿಕೆ ಇರೋದು ಅದರ ಮೇಲೆ. ಎಲ್ಲ ಹಸಿರು. ರಿಲೀಸ್ ನೋಟ್ ಬರೆಯುವುದು ಬಾಕಿ, ಭಾನುವಾರ ಬಿಡುತ್ತೇನೆ.