ಒಬ್ಬನೇ ತಂದೆಗೆ ಎರಡು ಮಾತಿನ ಪ್ರಾರ್ಥನೆ

ಸಂಕ್ರಮಣದ ಕುಸರೆಳ್ಳು ಡಬ್ಬಿಯಲ್ಲಿ ತೀರುವ ಮೊದಲೇ ಜನವರಿ 18 ಬರುತ್ತದೆ. ಅಂದಿನಿಂದ 25ರ ಸಂತ ಪೌಲನ ಮನಪರಿವರ್ತನೆಯ ಹಬ್ಬದವರೆಗೆ ಎಂಟು ದಿನ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನೆ. 1908ರಲ್ಲಿ ಅಮೆರಿಕದ ಪಾಲ್ ವಾಟ್ಸನ್ ಇದನ್ನು ಆರಂಭಿಸಿದಾಗ ಎಲ್ಲರೂ ರೋಮಿನ ಪೋಪರ ಸಭೆಗೆ ಮರಳಲಿ ಎಂಬುದೇ ಬೇಡಿಕೆಯಾಗಿತ್ತು. 1930ರ ದಶಕದಲ್ಲಿ ಫ್ರಾನ್ಸಿನ ಪಾದ್ರಿ ಪಾಲ್ ಕೂಟುರಿಯೇ ಆ ಬೇಡಿಕೆಯನ್ನೇ ತಿದ್ದಿದರು. ಕ್ರಿಸ್ತ ಬಯಸಿದ ಐಕ್ಯ ಆತ ಬಯಸಿದ ರೀತಿಯಲ್ಲೇ ಆಗಲಿ ಎಂದರು. ಇವತ್ತು ಬೇರೆ ಬೇರೆ ಸಭೆಯವರು ಒಂದೇ ಬೆಂಚಿನ ಮೇಲೆ ಕೂತು ಮನಸಾರೆ ಆಮೆನ್ ಅನ್ನುವುದು ಆ ತಿದ್ದುಪಡಿಯಿಂದ.

ನಮ್ಮ ಸೀಮೆಗೆ ಇದು ಹೊಸದಲ್ಲ. ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಗದಗದ ಬೆಟಗೇರಿಯಲ್ಲಿ 1841ರಲ್ಲಿ ನೆಲೆಯೂರಿದ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ ಪ್ರೊಟೆಸ್ಟೆಂಟರ ಎರಡು ಪಂಗಡಗಳಾದ ಲುಥೆರನ್ನರೂ ರಿಫಾರ್ಮ್ಡ್ ಸಂಪ್ರದಾಯದವರೂ ಕೂಡಿಯೇ ದುಡಿದರು. ಆ ಸಭೆಗಳು ಮುಂದೆ ಸೇರಿಕೊಂಡ ದಕ್ಷಿಣ ಭಾರತ ಸಭೆಯ, ಅಂದರೆ ಸಿ.ಎಸ್.ಐ.ಯ ಧ್ಯೇಯವಾಕ್ಯವೇ ಎಲ್ಲರೂ ಒಂದಾಗಿರಬೇಕೆಂಬ ಯೇಸುವಿನ ಬೇಡಿಕೆ, ಯೋಹಾನ 17:21.

ಆದರೂ ಕೂಡಿ ಪ್ರಾರ್ಥಿಸಲು ನಿಂತಾಗ ನಾಲಿಗೆ ತಡವರಿಸುವುದು ಯೇಸು ಕಲಿಸಿದ, ಎಲ್ಲರಿಗೂ ಬಾಯಿಪಾಠವಾದ ಕರ್ತನ ಪ್ರಾರ್ಥನೆಯಲ್ಲೇ. ಸಿ.ಎಸ್.ಐ.ಯವರು 'ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ' ಅನ್ನುತ್ತಾರೆ. ಪಕ್ಕದ ಕಥೋಲಿಕರ ಬಾಯಲ್ಲಿ 'ನಿಮ್ಮ ನಾಮ ಪೂಜಿತವಾಗಲಿ' ಬರುತ್ತದೆ. ಎರಡನೆಯ ಸಾಲಿಗೇ ದನಿ ಚದುರುತ್ತದೆ, ಕೊನೆಗಂತೂ ಒಬ್ಬರು ಆಮೆನ್ ಅಂದು ನಿಲ್ಲಿಸಿರುತ್ತಾರೆ, ಇನ್ನೊಬ್ಬರು 'ರಾಜ್ಯವೂ ಬಲವೂ ಮಹಿಮೆಯೂ' ಎಂದು ಮುಂದೆ ಹೋಗಿರುತ್ತಾರೆ. ಆ ಸ್ತುತಿವಾಕ್ಯ ಕಥೋಲಿಕರಿಗೆ ಅಪರಿಚಿತವಲ್ಲ, ಬಲಿಪೂಜೆಯಲ್ಲಿ ಗುರುಗಳ ಒಂದು ಪ್ರಾರ್ಥನೆಯಾದ ಮೇಲೆ ಅವರೂ ಹೇಳುತ್ತಾರೆ. ಹೀಗಾಗಿ ಒಂದೇ ಪಾಠವನ್ನು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಮುನ್ನಡೆಸುವವರು ಪ್ರತಿ ಸಾಲಿಗೂ ಒಂದು ಉಸಿರು ಬಿಟ್ಟು ಹೇಳಿಸಬೇಕು. ಈ ವರ್ಷ ಒಬ್ಬರ ಪಾಠ, ಮುಂದಿನ ವರ್ಷ ಮತ್ತೊಬ್ಬರದು. ಬೇರೆಯವರ ಮಾತಿನಲ್ಲಿ ತಂದೆಯನ್ನು ಕರೆಯುವಾಗ ಗೊಣಗದೆ ತುಂಬಿದ ದನಿಯಲ್ಲಿ ಕರೆಯುವುದು ದೊಡ್ಡ ಪ್ರೀತಿ.

ನಂಬಿಕೆಯನ್ನು ಕೂಡಿ ಸಾರುವ ವಿಶ್ವಾಸ ಪ್ರಮಾಣಕ್ಕೆ ನೈಸೀಯ ಪ್ರಮಾಣವೇ ಸೂಕ್ತ, ಅಪೊಸ್ತಲರ ಪ್ರಮಾಣ ಪೂರ್ವದ ಪ್ರಾಚೀನ ಸಭೆಗಳಾದ ಆರ್ಥೊಡಾಕ್ಸ್‌ನವರ ಆರಾಧನೆಯಲ್ಲಿಲ್ಲ. ಆರ್ಥೊಡಾಕ್ಸ್‌ನವರು ಬಂದಿದ್ದರೆ ಪವಿತ್ರಾತ್ಮ ಹೊರಡುವುದು 'ತಂದೆಯಿಂದಲೂ ಮಗನಿಂದಲೂ' ಎಂಬಲ್ಲಿ 'ಮಗನಿಂದಲೂ' ಬಿಟ್ಟು 381ರ ಮೂಲಪಾಠವನ್ನೇ ಓದಿರಿ.

ಪ್ರಭುಭೋಜನವನ್ನು, ಅಂದರೆ ಕಥೋಲಿಕರು ಪರಮಪ್ರಸಾದ ಅನ್ನುವ ರೊಟ್ಟಿ-ದ್ರಾಕ್ಷಾರಸದ ಹಂಚಿಕೆಯನ್ನು, ಈ ಕೂಟದಲ್ಲಿ ಇಟ್ಟುಕೊಳ್ಳಬಾರದು. ಸಾಮಾನ್ಯವಾಗಿ ಕಥೋಲಿಕ ನಿಯಮ ಬೇರೆ ಸಭೆಯವರಿಗೆ ಪರಮಪ್ರಸಾದ ಕೊಡಲು ಒಪ್ಪುವುದಿಲ್ಲ, ತಮ್ಮವರು ಪ್ರೊಟೆಸ್ಟೆಂಟರ ಮೇಜಿನಲ್ಲಿ ಪಾಲು ತೆಗೆದುಕೊಳ್ಳಲೂ ಬಿಡುವುದಿಲ್ಲ. ಇದು ನೋವಿನ ಸಂಗತಿಯೇ. ಆ ನೋವನ್ನು ಅಡಗಿಸಿ ಹಸ್ತಲಾಘವದಲ್ಲಿ ಮುಗಿಸುವುದಕ್ಕಿಂತ, ಇತರರಿಗಾಗಿ ಬೇಡುವ ಮಧ್ಯಸ್ಥಿಕೆಯ ಪ್ರಾರ್ಥನೆಗೆ ಮುಂಚೆ ಪೂರ್ತಿ ಎರಡು ನಿಮಿಷ ಮೌನವಾಗಿ ದೇವರ ಮುಂದೆ ಇಡುವುದು ಪ್ರಾಮಾಣಿಕ. ಎರಡು ನಿಮಿಷ ಬಲು ಉದ್ದ ಅನಿಸುತ್ತದೆ, ಕೀಬೋರ್ಡಿನವರು ನಡುವೆ ರಾಗ ಎತ್ತದಂತೆ ಮೊದಲೇ ಹೇಳಿಡಬೇಕು.

ಒಟ್ಟು ಒಂದು ತಾಸು ಸಾಕು. ಸಂದೇಶ 12 ನಿಮಿಷ ದಾಟಿದರೆ ಅದು ಒಂದೇ ಸಭೆಯ ಆರಾಧನೆಯಾಗಿ ಬಿಡುತ್ತದೆ. ಸಂತರಿಗೆ ಮೊರೆಯಿಡುವುದಾಗಲಿ, ಆತ್ಮಾವೇಶದಲ್ಲಿ ಬರುವ ಅನ್ಯಭಾಷೆಯ ಪ್ರಾರ್ಥನೆಯಾಗಲಿ ಅವರವರ ಸಭೆಯಲ್ಲಿರಲಿ, ಇಲ್ಲಿ ಎಲ್ಲರೂ ಆಮೆನ್ ಅನ್ನಬಲ್ಲ ಮಾತಷ್ಟೇ ಬರಲಿ. ಬೈಬಲ್ ಪಾಠ ಓದುವವರು ಮಾತ್ರ ಆತಿಥೇಯ ಸಭೆಯವರಾಗಿರದೆ ಬಂದವರಾಗಿರಲಿ.

25 ಕಳೆದ ಮೇಲಿನ ಭಾನುವಾರವೇ ನಿಜವಾದ ಪರೀಕ್ಷೆ. ಅಂದು ನಮ್ಮ ನಮ್ಮ ಆರಾಧನೆಯಲ್ಲಿ ರಸ್ತೆಯ ಆಚೆಯ ದೇವಾಲಯದ ಗುರುಗಳಿಗಾಗಿ, ಪಕ್ಕದ ಓಣಿಯ ಸಭಾಪಾಲಕರಿಗಾಗಿ ಹೆಸರು ಹಿಡಿದು ಪ್ರಾರ್ಥಿಸಬೇಕು. ಅವರಲ್ಲಿ ಯಾರು ಕಾಯಿಲೆ ಬಿದ್ದಿದ್ದಾರೆ, ಯಾರ ಮನೆಯಲ್ಲಿ ಸಾವಾಗಿದೆ ಎಂದು ಶನಿವಾರವೇ ಕೇಳಿಟ್ಟುಕೊಂಡಿರಬೇಕು.